ಕಿಟ್ಟು ಸಾಕೋ, ಹೊಸ ಸಿಲಿಂಡರೇ ಬೇಕೋ: ಡ್ರಮ್ ಬ್ರೇಕಿನ ವೀಲ್ ಸಿಲಿಂಡರ್ ಸೋರಿದಾಗ

ಹಿಂದಿನ ಚಕ್ರ ಬಿಚ್ಚಿ, ಡ್ರಮ್ ಎಳೆದು, ಪೆಡಲ್ ಒತ್ತಿದಾಗ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ತುದಿಯ ರಬ್ಬರ್ ಬೂಟನ್ನು ಉಗುರಿನಿಂದ ತುಸು ಮೇಲೆತ್ತಿ. ಒಳಗೆ ಒಣಗಿದ್ದರೆ, ಅಥವಾ ಬೆರಳಿಗೆ ಬರೀ ಪಸೆ ಅಂಟಿದರೆ ಚಿಂತೆಯಿಲ್ಲ. ತೊಟ್ಟು ಕೆಳಗಿಳಿದರೆ ಒಳಗಿನ ಬಕೆಟ್ ಸೋತಿದೆ. ಪಿಸ್ಟನ್ನಿನ ಹಿಂದೆ ಕೂತು ಬ್ರೇಕ್ ಆಯಿಲನ್ನು ತಡೆದು ಹಿಡಿಯುವ ಬಟ್ಟಲಿನಾಕಾರದ ರಬ್ಬರಿಗೆ ಗ್ಯಾರೇಜುಗಳಲ್ಲಿ ಬಕೆಟ್ ಎಂದೇ ಹೆಸರು. ಇಲ್ಲಿಂದ ಮುಂದೆ ಮೂರು ದಾರಿ: ಬಕೆಟ್ಟು, ಬೂಟುಗಳ ಕಿಟ್ ಹಾಕಿ ಅದೇ ಸಿಲಿಂಡರನ್ನು ಉಳಿಸಿಕೊಳ್ಳುವುದು, ಇಡೀ ಸಿಲಿಂಡರ್ ಬದಲಿಸುವುದು, ಇಲ್ಲವೇ ಹಳೆಯದಕ್ಕೆ ಸ್ಲೀವ್, ಅಂದರೆ ಒಳಗೊಂದು ಹೊಸ ಕೊಳವೆ, ಹಾಕಿಸುವುದು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ನಂಥ, ಯಾವ ಊರಿನ ಸ್ಪೇರ್ ಅಂಗಡಿಯಲ್ಲೂ ಸಾಮಾನು ಸಿಗುವ ಕಾರಾದರೆ ಹೊಸ ಸಿಲಿಂಡರ್ ಹಾಕಿ, ಎರಡೂ ಕಡೆಗೆ. ಕಿಟ್ಟಿನ ಬೆಲೆ ಸಿಲಿಂಡರಿನ ಬೆಲೆಯಲ್ಲಿ ಸಣ್ಣ ಪಾಲು, ನಿಜ. ಆದರೆ ಚಕ್ರ ಬಿಚ್ಚುವುದು, ಡ್ರಮ್ ಎಳೆಯುವುದು, ಶೂ ತೆಗೆಯುವುದು, ಬ್ರೇಕ್ ಪೈಪಿನಲ್ಲಿ ಸಿಕ್ಕ ಏರ್ ಬಿಡುವುದು ಎರಡಕ್ಕೂ ಒಂದೇ. ಕೂಲಿ ಒಂದೇ ಆದಾಗ ಉಳಿಯುವುದು ಬರೀ ಸಾಮಾನಿನ ವ್ಯತ್ಯಾಸ. ಕಿಟ್ ಹಾಕಿದ್ದು ಎರಡು ತಿಂಗಳಿಗೆ ಮತ್ತೆ ಸೋರಿತೆಂದರೆ ಕೂಲಿ ಎರಡು ಸಲ, ಆಯಿಲ್ ಕುಡಿದ ಬ್ರೇಕ್ ಶೂ ಬೇರೆ ಲೆಕ್ಕ.

ಹಾಗಾದರೆ ಕಿಟ್ಟಿಗೆ ಜಾಗವೇ ಇಲ್ಲವೇ? ಇದೆ. ಅದನ್ನು ತೀರ್ಮಾನಿಸಬೇಕಾದ್ದು ಸಿಲಿಂಡರಿನ ಒಳಮೈ, ಜೇಬಲ್ಲ.

ಸೋರಿದ್ದು ಯಾವ ಎಣ್ಣೆ?

ಸಾಮಾನು ತರಲು ಹೋಗುವ ಮುಂಚೆ ಇದೊಂದು ಖಾತ್ರಿಯಾಗಲಿ. ಅಂಬಾಸಿಡರ್, ಜೀಪ್, ಓಮ್ನಿಯಂಥ ಹಿಂಚಕ್ರ ಓಡಿಸುವ ಗಾಡಿಗಳಲ್ಲಿ ಆಕ್ಸಲ್ಲಿನ ಆಯಿಲ್ ಸೀಲ್ ಹೋದರೂ ಡ್ರಮ್ಮಿನೊಳಗೆ ಗೇರ್ ಆಯಿಲ್ ಬರುತ್ತದೆ. ಗೇರ್ ಆಯಿಲ್ ಗಟ್ಟಿ, ಗಂಧಕದ ಗಬ್ಬು ವಾಸನೆ. ಬ್ರೇಕ್ ಆಯಿಲ್ ತೆಳು. ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು, ಸೋರಿದ್ದರಲ್ಲಿ ಒಂದೆರಡು ಹನಿ ಬಿಟ್ಟು ಕಲಕಿ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುವ ಮಾಮೂಲಿ ಬ್ರೇಕ್ ಆಯಿಲ್ ನೀರಲ್ಲಿ ಬೆರೆತು ಹೋಗುತ್ತದೆ. ಗೇರ್ ಆಯಿಲ್ ಮೇಲೆ ತೇಲುತ್ತದೆ. ತೇಲಿದರೆ ವೀಲ್ ಸಿಲಿಂಡರಿಗೆ ಕೈ ಹಚ್ಚಬೇಡಿ, ಸೀಲ್ ಬದಲಿಸಿ.

ಸೋರಿಕೆಯೇ ಇಲ್ಲದೆ ಪಿಸ್ಟನ್ ಜಾಮ್ ಆಗುವುದೂ ಉಂಟು. ಬೂಟ್ ಹರಿದು ಮಳೆನೀರು ಹೊಕ್ಕು, ಪಿಸ್ಟನ್ನಿನ ಹೊರತುದಿಯಲ್ಲಿ ತುಕ್ಕು ಕಟ್ಟಿ, ಒತ್ತಿದಾಗ ಹೊರಗೆ ಬಂದದ್ದು ಒಳಗೆ ಸರಿಯುವುದಿಲ್ಲ. ಆ ಚಕ್ರದ ಡ್ರಮ್ ಮಾತ್ರ ಓಡಾಡಿದ ಮೇಲೆ ಕೈ ಇಡಲಾಗದಷ್ಟು ಕಾದಿರುತ್ತದೆ, ಅಥವಾ ಶೂಗಳಲ್ಲಿ ಒಂದು ಪೂರ್ತಿ ಸವೆದು ಇನ್ನೊಂದು ಹೊಸದರಂತೆ ಉಳಿದಿರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲೇ ನಿಂತ ಕಾರುಗಳಲ್ಲಿ ಈ ಕಾಯಿಲೆ ಹೆಚ್ಚು. ಹೀಗೆ ಜಾಮ್ ಆದ ಸಿಲಿಂಡರಿಗೆ ಕಿಟ್ ಹಾಕುವ ಮಾತೇ ಬೇಡ.

ಒಳಮೈ ಓದುವುದು

ಪಿಸ್ಟನ್ನು, ಬಕೆಟ್ಟು, ನಡುವಿನ ಸ್ಪ್ರಿಂಗ್ ಹೊರತೆಗೆದು, ನೂಲು ಬಿಡದ ಬಟ್ಟೆಯಿಂದ ಒಳಗೆ ಒರೆಸಿ, ಟಾರ್ಚ್ ಹಿಡಿದು ಆ ತುದಿಯಿಂದ ಈ ತುದಿಗೆ ನೋಡಿ. ಒಳಮೈ ಸಮನಾಗಿ ಹೊಳೆಯುತ್ತಿದ್ದರೆ, ಇಲ್ಲವೇ ಬರೀ ಕಂದು ಕಲೆ ಇದ್ದು ಒರೆಸಿದರೆ ಹೋಗುವಂತಿದ್ದರೆ ಆಸೆ ಇದೆ. ಸೂಜಿಮೊನೆಯಂಥ ಗುಳಿಗಳಿವೆಯೇ ಎಂದು ತಳಭಾಗವನ್ನು ವಿಶೇಷವಾಗಿ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಆ ನೀರಿನಂಶವೂ ಕೆಸರೂ ಸಿಲಿಂಡರಿನ ಹೊಟ್ಟೆಯ ಕೆಳಭಾಗದಲ್ಲಿ ಕೂತು ಕಬ್ಬಿಣವನ್ನು ತಿನ್ನುತ್ತವೆ. ತೆಳ್ಳನೆಯ ಬಿದಿರುಕಡ್ಡಿಯ ತುದಿಯನ್ನು ಅಲ್ಲಿ ಎಳೆದು ನೋಡಿ. ಎಲ್ಲಾದರೂ ತಡೆದರೆ ಅಲ್ಲಿಗೆ ಕಿಟ್ಟಿನ ಕಥೆ ಮುಗಿಯಿತು.

ಹೊಸ ಶೂ ಹಾಕಿಸಿದ ವಾರದಲ್ಲೇ ಸಿಲಿಂಡರ್ ಸೋರಲು ಶುರುವಾಯಿತೆಂದು, ಮೆಕ್ಯಾನಿಕ್ ಏನೋ ಕೆಡಿಸಿದ ಎಂದು ಬೈಯುವವರು ಬಹಳ. ಕೆಡಿಸಿದ್ದು ಆತನಲ್ಲ, ಜಾಗ ಬದಲಾದದ್ದು. ಶೂ ಸವೆಯುತ್ತಾ ಹೋದಂತೆ ಪಿಸ್ಟನ್ನುಗಳು ಮೆಲ್ಲಮೆಲ್ಲಗೆ ಹೊರಕ್ಕೆ ಸರಿದು, ಬಕೆಟ್ಟುಗಳು ತುದಿಯ ನಯವಾದ ಪಟ್ಟಿಯಲ್ಲಷ್ಟೇ ಓಡಾಡುತ್ತಿರುತ್ತವೆ. ನಡುಭಾಗದಲ್ಲಿ ವರ್ಷಗಟ್ಟಲೆ ಕೆಸರು ಕೂತು ಗುಳಿ ಬಿದ್ದಿರುತ್ತದೆ. ದಪ್ಪನೆಯ ಹೊಸ ಶೂ ಕೂರಿಸಲು ಪಿಸ್ಟನ್ನುಗಳನ್ನು ಒಳಗೆ ತಳ್ಳಿದಾಗ ಬಕೆಟ್ಟಿನ ತುಟಿ ಆ ಗುಳಿಗಳ ಮೇಲೆ ಬರುತ್ತದೆ. ಮುಂದೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಅರದ ಮೇಲೆ ರಬ್ಬರ್ ಉಜ್ಜಿದಂತೆ. ಇದೇ ಕಾರಣಕ್ಕೆ, ಹತ್ತು ವರ್ಷ ದಾಟಿದ ಕಾರಿಗೆ ಶೂ ಹಾಕಿಸುವಾಗ ಸಿಲಿಂಡರನ್ನೂ ಸೇರಿಸಿಬಿಡುವುದು ಲೇಸು.

ಕಿಟ್ ಹಾಕುವುದಾದರೆ

ಒಳಮೈ ಚೆನ್ನಾಗಿದೆ, ಕಿಟ್ಟೂ ಸರಿಯಾದ ಅಳತೆಯದು ಸಿಕ್ಕಿದೆ ಎಂದುಕೊಳ್ಳೋಣ. ಏರ್ ಹೊರಬಿಡುವ ಬ್ಲೀಡರ್ ನಿಪ್ಪಲ್ ಬಿಚ್ಚುತ್ತದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 8 ಎಂಎಂ ಸ್ಪ್ಯಾನರ್ ಹಿಡಿಯುವ ಈ ನಿಪ್ಪಲ್ ತುಕ್ಕಿನಿಂದ ಹಿಡಿದು, ತಿರುಗಿಸಿದಾಗ ಕಡ್ಡಿಯಂತೆ ಮುರಿಯುತ್ತದೆ. ಮುರಿದ ನಿಪ್ಪಲ್ ತೆಗೆಯುವ ಶ್ರಮಕ್ಕಿಂತ ಹೊಸ ಸಿಲಿಂಡರ್ ಅಗ್ಗ.

ಕಂದು ಕಲೆ ತೆಗೆಯಲು 600 ನಂಬರಿನ ವಾಟರ್ ಪೇಪರನ್ನು ಹೊಸ ಬ್ರೇಕ್ ಆಯಿಲಿನಲ್ಲಿ ನೆನೆಸಿ, ಬೆರಳಿಗೆ ಸುತ್ತಿ, ಸುತ್ತಲೂ ತಿರುಗಿಸುತ್ತಾ ಉಜ್ಜಬೇಕು. ಉದ್ದಕ್ಕೆ ಎಳೆದರೆ ಬೀಳುವ ಗೀರುಗಳೇ ಆಯಿಲಿಗೆ ಕಾಲುವೆಯಾಗುತ್ತವೆ. ಇದು ಬೀಡು ಕಬ್ಬಿಣದ ಸಿಲಿಂಡರಿಗೆ ಮಾತ್ರ. ಅಲ್ಯುಮಿನಿಯಂ ಸಿಲಿಂಡರಿನ ಒಳಮೈ ಮೇಲೆ ಗಟ್ಟಿಯಾದ ಆನೊಡೈಸ್ ಪದರವಿರುತ್ತದೆ. ಅದನ್ನು ಉಜ್ಜಿ ತೆಗೆದರೆ ಮೆತ್ತನೆಯ ಲೋಹ ಬೇಗನೆ ಸವೆಯುತ್ತದೆ, ಹಾಗಾಗಿ ಅದಕ್ಕೆ ಪೇಪರ್ ಮುಟ್ಟಿಸಬೇಡಿ. ಐದಾರು ನಿಮಿಷ ಉಜ್ಜಿದರೂ ಹೋಗದ ಕಲೆ ಕಲೆಯಲ್ಲ, ಗುಳಿ. ಹಠ ಹಿಡಿದು ಉಜ್ಜುತ್ತಾ ಹೋದರೆ ಸಿಲಿಂಡರಿನ ತೂತೇ ದೊಡ್ಡದಾಗಿ ಪಿಸ್ಟನ್ ಸಡಿಲವಾಗುತ್ತದೆ, ಒತ್ತಡ ಬಿದ್ದಾಗ ಆ ಸಂದಿಗೆ ಬಕೆಟ್ಟಿನ ಅಂಚು ಸಿಕ್ಕಿ ಹರಿಯುತ್ತದೆ.

ತೊಳೆಯಲು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಬೇಡವೇ ಬೇಡ. ನಮ್ಮ ಕಡೆಯ ಅರ್ಧಕ್ಕರ್ಧ ಕಿಟ್ಟುಗಳು ಹಾಳಾಗುವುದು ಇಲ್ಲೇ ಎಂದರೆ ಹೆಚ್ಚಲ್ಲ. ಬ್ರೇಕಿನ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ವಿಷ, ಬಿದ್ದರೆ ಊದಿ ಮೆತ್ತಗಾಗುತ್ತದೆ. ಬೇರಿಂಗ್ ಗ್ರೀಸಿಗೂ ಇದೇ ಮಾತು. ತೊಳೆಯಲು ಬ್ರೇಕ್ ಕ್ಲೀನರ್ ಸ್ಪ್ರೇ, ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಹೊಸ ಬ್ರೇಕ್ ಆಯಿಲ್ ಸಾಕು. ಬೂಟಿನೊಳಗೆ ಸವರಲು ರಬ್ಬರ್ ಗ್ರೀಸ್ ಎಂದೇ ಬೇರೆ ಸಿಗುತ್ತದೆ, ಅದು ಸಾಮಾನ್ಯವಾಗಿ ಕೆಂಪು ಬಣ್ಣದ್ದು.

ಜೋಡಿಸುವಾಗ ಎಲ್ಲವನ್ನೂ ಹೊಸ ಆಯಿಲಿನಲ್ಲಿ ಅದ್ದಿ, ಬೆರಳಿನಿಂದಲೇ ಕೂರಿಸಿ. ಬಕೆಟ್ಟಿನ ಬಾಯಿ ಒಳಮುಖವಾಗಿ, ಅಂದರೆ ಆಯಿಲ್ ಇರುವ ಕಡೆಗೆ, ಸ್ಪ್ರಿಂಗಿನ ಕಡೆಗೆ ಇರಬೇಕು. ಒತ್ತಡ ಏರಿದಾಗ ತುಟಿ ಅಗಲವಾಗಿ ಗೋಡೆಗೆ ಒತ್ತಿಕೊಳ್ಳುವುದರಿಂದಲೇ ಅದು ಆಯಿಲನ್ನು ತಡೆಯುವುದು. ಉಲ್ಟಾ ಹಾಕಿದರೆ ಮೊದಲ ಪೆಡಲಿಗೇ ಆಯಿಲ್ ಹೊರಗೆ. ತುಟಿಯನ್ನು ಒಳಗೆ ಸೇರಿಸಲು ಸ್ಕ್ರೂಡ್ರೈವರ್ ತೂರಿಸಿದರೆ ಕಣ್ಣಿಗೆ ಕಾಣದ ಸೀಳು ಬಿದ್ದು, ಕೆಲಸವೆಲ್ಲ ನೀರುಪಾಲು.

ಹೊಸ ಸಿಲಿಂಡರ್ ಕೊಳ್ಳುವಾಗ

ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಅದು ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಯಾಗಲಿ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷದಲ್ಲಿ ಬೇರೆ ಅಳತೆ ಬಂದಿರಬಹುದು. ಎಡ ಬಲ ಬೇರೆ ಇರುವುದೂ ಉಂಟು. ಬೋಲ್ಟಿನ ತೂತುಗಳ ಅಂತರ, ಪೈಪು ಕೂರುವ ಜಾಗ, ನಿಪ್ಪಲ್ಲಿನ ಜಾಗ, ಪಿಸ್ಟನ್ ತುದಿಯ ಸೀಳು ಇವೆಲ್ಲ ತಾಳೆಯಾಗಬೇಕು. ನಿಪ್ಪಲ್ ಯಾವಾಗಲೂ ಸಿಲಿಂಡರಿನ ಮೇಲ್ಭಾಗಕ್ಕೆ ಬರಬೇಕು. ಕೆಳಗೆ ಬಂದರೆ ಎಷ್ಟು ಒತ್ತಿದರೂ ಏರ್ ಹೋಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ತೂತಿನ ವ್ಯಾಸ. ಬಹಳಷ್ಟು ಸಿಲಿಂಡರುಗಳ ಮೈಮೇಲೆಯೇ ಅದನ್ನು ಎಂಎಂನಲ್ಲೋ ಇಂಚಿನಲ್ಲೋ ಎರಕ ಹೊಯ್ದಿರುತ್ತಾರೆ. 11/16 ಇಂಚು ಎಂದರೆ 17.46 ಎಂಎಂ, 3/4 ಇಂಚು ಎಂದರೆ 19.05 ಎಂಎಂ. ನೋಡಲು ಒಂದೂವರೆ ಎಂಎಂ ವ್ಯತ್ಯಾಸ. ಆದರೆ ಬಲ ಹುಟ್ಟುವುದು ವ್ಯಾಸದಿಂದಲ್ಲ, ಪಿಸ್ಟನ್ನಿನ ವಿಸ್ತೀರ್ಣದಿಂದ: 239 ಚದರ ಎಂಎಂ ಇದ್ದದ್ದು 285 ಆಗುತ್ತದೆ, ಸುಮಾರು ಶೇಕಡ 19ರಷ್ಟು ಹೆಚ್ಚು. ‘ಕೂರುತ್ತದೆ ಸಾರ್, ಇದೇ ಹಾಕಿ’ ಎಂದು ಅಂಗಡಿಯವರು ಕೊಟ್ಟ ದೊಡ್ಡ ಸಿಲಿಂಡರ್ ಹಾಕಿದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಒಂದೇ ಕಡೆ ದೊಡ್ಡದು ಹಾಕಿದರಂತೂ ಕೇಳುವುದೇ ಬೇಡ.

ಕಂಪನಿಯ ಒರಿಜಿನಲ್ ಸಾಮಾನು ಮೊದಲ ಆಯ್ಕೆ. ಅದು ಸಿಗದಿದ್ದರೆ ಕಾರು ಕಂಪನಿಗಳಿಗೇ ಬ್ರೇಕ್ ಮಾಡಿಕೊಡುವ ತಯಾರಕರ ಡಬ್ಬಿ ಆದೀತು. ಹೆಸರಿಲ್ಲದ ಪ್ಲಾಸ್ಟಿಕ್ ಚೀಲದ ಲೋಕಲ್ ಸಿಲಿಂಡರಿಗಿಂತ, ಒಳಮೈ ಚೆನ್ನಾಗಿರುವ ಹಳೆಯ ಒರಿಜಿನಲ್ಲಿಗೆ ಒಳ್ಳೆಯ ಕಿಟ್ ಹಾಕುವುದೇ ಮೇಲು ಎನ್ನುವುದು ನಮ್ಮ ಅಭಿಪ್ರಾಯ. ಅಂಗಡಿಯಲ್ಲೇ ಬೂಟ್ ಸರಿಸಿ, ಎರಡು ಹೆಬ್ಬೆರಳಿನಿಂದ ಪಿಸ್ಟನ್ನುಗಳನ್ನು ಒತ್ತಿ ನೋಡಿ. ಮೆತ್ತಗೆ ಒಳಗೆ ಹೋಗಿ, ಬಿಟ್ಟರೆ ಸ್ಪ್ರಿಂಗ್ ತಳ್ಳಿ ವಾಪಸ್ ಬರಬೇಕು. ವರ್ಷಗಟ್ಟಲೆ ಶೆಲ್ಫಿನಲ್ಲಿ ಕೂತ ಸಿಲಿಂಡರಿನ ರಬ್ಬರ್ ಗಟ್ಟಿಯಾಗಿ ಪಿಸ್ಟನ್ ಹಿಡಿದಿರುತ್ತದೆ.

ಸ್ಲೀವ್, ಗುಜರಿ

ಗುಜರಿಯ ಸಿಲಿಂಡರಿಗೆ ಎರಡು ಸಾಲು ಸಾಕು. ನಿಮ್ಮದು ಯಾಕೆ ಹೋಯಿತೋ ಅದೇ ವಯಸ್ಸಿನ ಅದೂ ಅದಕ್ಕಾಗಿಯೇ ಹೋಗಲಿದೆ. ಬೇಡ.

ಸ್ಲೀವ್ ಬೇರೆ ವಿಷಯ. ಹಳೆಯ ತೂತನ್ನು ಲೇತಿನಲ್ಲಿ ದೊಡ್ಡದು ಮಾಡಿ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಯನ್ನು ಬಿಗಿಯಾಗಿ ಒತ್ತಿ ಕೂರಿಸಿ, ಮೂಲ ಅಳತೆಗೆ ಒಳಮೈ ನಯ ಮಾಡುತ್ತಾರೆ. ಆಯಿಲ್ ಬರುವ ತೂತನ್ನೂ ನಿಪ್ಪಲ್ಲಿನ ತೂತನ್ನೂ ಸ್ಲೀವಿನಲ್ಲಿ ಮತ್ತೆ ಕೊರೆದು, ಒಳಗಿನ ಚೂಪಂಚನ್ನು ತೆಗೆದಿರಬೇಕು. ಇಲ್ಲದಿದ್ದರೆ ಬಕೆಟ್ ಜೋಡಿಸುವಾಗಲೇ ಅದು ತುಟಿ ಕೊಯ್ಯುತ್ತದೆ. ಚೆನ್ನಾಗಿ ಮಾಡಿದರೆ ತುಕ್ಕೇ ಹಿಡಿಯದ ಒಳಮೈ, ಕಿಟ್ ಬದಲಿಸಿಕೊಂಡು ಬಹುಕಾಲ ಓಡಿಸಬಹುದು. ಕೂಲಿ ಜಾಸ್ತಿ, ದಿನವೂ ಹಿಡಿಯುತ್ತದೆ. ಆದ್ದರಿಂದ ಇದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಜೀಪಿನಂಥ ಗಾಡಿಗಳಿಗೆ ಮಾತ್ರ ಹೊಂದುವ ಮಾತು. ಅಂಬಾಸಿಡರಿನ ಮುಂದಿನ ಡ್ರಮ್ಮುಗಳಲ್ಲಿ ಚಕ್ರಕ್ಕೆ ಎರಡೆರಡು ಸಿಲಿಂಡರು. ಸ್ಲೀವ್ ಹಾಕಿಸುವ ಮುಂಚೆ ಒಟ್ಟು ಎಷ್ಟು ಸಿಲಿಂಡರು ಎಂಬ ಲೆಕ್ಕ ಹಾಕಿಕೊಳ್ಳಿ. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ, ಒಳ್ಳೆಯ ಹೊಸ ಸಿಲಿಂಡರ್ ಸಿಕ್ಕರೆ ಎರಡು ಸೆಟ್ ಕೊಂಡು ಕಟ್ಟಿಡಿ ಎಂದೇ ನಮ್ಮ ಸಲಹೆ.

ಯಾವ ದಾರಿ ಹಿಡಿದರೂ ತಪ್ಪದ ಕೆಲಸ

ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಡ್ರಮ್ ಹಿಡಿದುಕೊಂಡಿದ್ದರೆ ಅದರ ಮುಖದಲ್ಲಿ ಎರಡು ಥ್ರೆಡ್ ತೂತುಗಳಿವೆಯೇ ನೋಡಿ. ಅವಕ್ಕೆ ಬೋಲ್ಟ್ ಹಾಕಿ ಎರಡನ್ನೂ ಸಮವಾಗಿ ಬಿಗಿಯುತ್ತಾ ಹೋದರೆ ಡ್ರಮ್ ತಾನೇ ಹೊರಗೆ ಬರುತ್ತದೆ, ಸುತ್ತಿಗೆ ಏಟು ಬೇಕಾಗುವುದಿಲ್ಲ. ಒಳಗಿನ ಧೂಳನ್ನು ಗಾಳಿ ಹೊಡೆದು ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಪ್ರಿಂಗುಗಳು ಹೇಗೆ ಕೂತಿವೆ ಎಂದು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಒಂದು ಕಡೆಯ ಕೆಲಸ ಮುಗಿಯುವವರೆಗೆ ಇನ್ನೊಂದು ಕಡೆಯನ್ನು ಬಿಚ್ಚದಿದ್ದರೆ ನೋಡಿಕೊಳ್ಳಲು ಒಂದು ಮಾದರಿ ಉಳಿದಿರುತ್ತದೆ. ಡ್ರಮ್ ಇಲ್ಲದಿದ್ದಾಗ ಯಾರೂ ಪೆಡಲ್ ಒತ್ತದಂತೆ ಎಚ್ಚರವಿರಲಿ, ಪಿಸ್ಟನ್ನುಗಳು ಹಾರಿ ಬೀಳುತ್ತವೆ.

ಸಿಲಿಂಡರ್ ಬದಲಿಸುವಾಗ ಕೈ ಕೊಡುವುದು ಸಿಲಿಂಡರನ್ನೂ ಶೂಗಳನ್ನೂ ಹೊತ್ತ ಬ್ಯಾಕ್ ಪ್ಲೇಟಿನ ಹಿಂದಿನ ಬ್ರೇಕ್ ಪೈಪಿನ ನಟ್. ಸಾಮಾನ್ಯ ಡಬಲ್ ಎಂಡ್ ಸ್ಪ್ಯಾನರಿನಲ್ಲಿ ಇದರ ಮೂಲೆಗಳು ಸವೆದು ದುಂಡಗಾಗುತ್ತವೆ. ರಿಂಗ್ ಸ್ಪ್ಯಾನರಿನ ಬಾಯಿ ಸೀಳಿದಂತಿರುವ ಫ್ಲೇರ್ ನಟ್ ಸ್ಪ್ಯಾನರ್ ಬಳಸಿ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ನಟ್ ಜೊತೆಗೆ ಪೈಪೂ ತಿರುಚಿಕೊಳ್ಳುತ್ತಿದ್ದರೆ ನಿಲ್ಲಿಸಿ, ಸ್ವಲ್ಪ ಬಿಗಿಸಿ, ಸ್ವಲ್ಪ ಬಿಡಿಸಿ, ಹೀಗೆ ಆಡಿಸಿ. ತಿರುಚಿದ ಪೈಪನ್ನು ನೆಟ್ಟಗೆ ಮಾಡಿ ಹಾಕುವುದು ಬೇಡ, ಬದಲಿಸಿ. ಹೊಸ ಸಿಲಿಂಡರ್ ಕೂರಿಸುವಾಗ ಅದರ ಎರಡು ಬೋಲ್ಟ್ ಬಿಗಿಯುವ ಮುಂಚೆಯೇ ಪೈಪಿನ ನಟ್ಟನ್ನು ಬೆರಳಿನಿಂದ ನಾಲ್ಕು ಸುತ್ತು ಹಿಡಿಸಿಕೊಳ್ಳಿ. ಸಿಲಿಂಡರ್ ಅಲ್ಲಾಡುತ್ತಿದ್ದಾಗ ಥ್ರೆಡ್ ಸಲೀಸಾಗಿ ಕೂರುತ್ತದೆ, ಆಮೇಲಾದರೆ ಅಡ್ಡ ಹತ್ತುವ ಅಪಾಯ. ಬಿಗಿತದ ಅಂಕಿ ಆಯಾ ಕಾರಿನ ಮ್ಯಾನ್ಯುಯಲ್ಲಿನಲ್ಲಿರುತ್ತದೆ. ಇವೆಲ್ಲ ಸಣ್ಣ ಬೋಲ್ಟುಗಳು, ಮೊಣಕೈ ಬಲ ಬೇಡ, ಮಣಿಕಟ್ಟಿನ ಬಲ ಸಾಕು.

ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿ ತೋರಿಸಿ, ಪೇಪರ್ ಹೊಡೆದು ಮತ್ತೆ ಹಾಕುವ ಪದ್ಧತಿ ಬಹಳ ಕಡೆ ಇದೆ. ಮೇಲೆ ಒಣಗಿದಂತೆ ಕಂಡರೂ ಡ್ರಮ್ ಬಿಸಿಯಾದಾಗ ಲೈನಿಂಗಿನ ಒಳಗಿಂದ ಎಣ್ಣೆ ಮತ್ತೆ ಜಿನುಗುತ್ತದೆ. ಬದಲಿಸಿ, ಎರಡೂ ಚಕ್ರದ ನಾಲ್ಕೂ ಶೂಗಳನ್ನು. ಸಿಲಿಂಡರ್ ಎರಡೂ ಕಡೆಗೆ ಹಾಕಿ ಎಂದು ಮೊದಲೇ ಹೇಳಿದ್ದೂ ಇದಕ್ಕೇ. ಎರಡರ ವಯಸ್ಸೂ ಒಂದೇ, ಎರಡರ ಹಿಡಿತವೂ ಒಂದೇ ಇರಬೇಕು.

ಏರ್ ಬಿಡುವಾಗ ಅರ್ಧ ಲೀಟರಿನ ಹೊಸ ಡಬ್ಬಿ ಇಟ್ಟುಕೊಳ್ಳಿ. ಹಳೆಯ ಆಯಿಲನ್ನೆಲ್ಲ ತೆಗೆದು ಹೊಸದು ತುಂಬುವುದಾದರೆ ಒಂದು ಲೀಟರ್. ಡಾಟ್ 3 ಬರೆದ ಕಡೆ ಡಾಟ್ 4 ಹಾಕಬಹುದು. ಡಾಟ್ 5 ಮಾತ್ರ ಸಿಲಿಕೋನ್, ಇವುಗಳ ಜೊತೆ ಬೆರೆಸಬಾರದು. ತೇವ ಕುಡಿದಾಗ ಏನಾಗುತ್ತದೆ ನೋಡಿ: ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದೆಂಬುದು ಮಾನದಂಡ, ನೀರು ಸೇರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಚಾರ್ಮಾಡಿ ಇಳಿಯುವಾಗ ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುವುದು ಹೀಗೆ. ಅದೇ ನೀರೇ ಸಿಲಿಂಡರಿನ ಹೊಟ್ಟೆಯಲ್ಲಿ ಗುಳಿ ತೋಡುವುದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವವರಿಗೆ ಕಿಟ್ಟೋ ಸಿಲಿಂಡರೋ ಎಂಬ ಪ್ರಶ್ನೆ ಬರುವುದೇ ಅಪರೂಪ.

ಪೆಡಲನ್ನು ನೆಲ ಮುಟ್ಟುವವರೆಗೆ ಒತ್ತಿ ಒತ್ತಿ ಏರ್ ತೆಗೆಯುವುದು ಹಳೆಯ ಕಾರಿಗೆ ಒಳ್ಳೆಯದಲ್ಲ. ಪೆಡಲ್ ಒತ್ತಿದಾಗ ಚಕ್ರಗಳಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನೊಳಗೂ ಎಂದೂ ಓಡಾಡದ ತುಕ್ಕಿನ ಭಾಗವಿರುತ್ತದೆ, ಅದರ ರಬ್ಬರೂ ಅಲ್ಲಿ ಹೋಗಿ ಹರಿಯುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಅರ್ಧದಲ್ಲೇ ನಿಲ್ಲುತ್ತದೆ. ಹಿಂದೆ ಭಾರ ಹೊರುವ ವ್ಯಾನು, ಪಿಕಪ್ಪುಗಳಲ್ಲಿ ಆಕ್ಸಲ್ಲಿಗೆ ಕಡ್ಡಿ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದರೆ ಅದು ಗಾಡಿ ಖಾಲಿ ಇದೆ ಎಂದುಕೊಂಡು ಹಿಂದಕ್ಕೆ ಹೋಗುವ ಆಯಿಲನ್ನು ಕಟ್ಟಿಹಾಕುತ್ತದೆ. ಅಂಥವಕ್ಕೆ ಸ್ಟ್ಯಾಂಡನ್ನು ಆಕ್ಸಲ್ಲಿಗೇ ಕೊಡಿ.

ಏರ್ ಪೂರ್ತಿ ಹೋದರೂ ಪೆಡಲ್ ಕೆಳಗೇ ಇದ್ದರೆ ಎರಡನೇ ಡಬ್ಬಿ ಒಡೆಯಬೇಡಿ. ಒಂದೇ ಒತ್ತಿಗೆ ಕೆಳಗೆ ಹೋಗಿ, ಪಟಪಟನೆ ಎರಡು ಸಲ ಒತ್ತಿದರೆ ಮೇಲೆ ಬಂದು ಗಟ್ಟಿಯಾಗಿ ನಿಲ್ಲುತ್ತಿದ್ದರೆ ಅದು ಹೆಚ್ಚಾಗಿ ಏರ್ ಅಲ್ಲ, ಶೂಗೂ ಡ್ರಮ್ಮಿಗೂ ನಡುವಿನ ಸಂದಿ. ಶೂಗಳನ್ನು ಹಿಗ್ಗಿಸುವ ಅಡ್ಜಸ್ಟರ್ ತಿರುಗಿಸಿ, ಚಕ್ರ ತಿರುಗುವಾಗ ಶೂ ಮೆಲ್ಲಗೆ ಸವರುವಷ್ಟು ತನ್ನಿ.

ದಾರಿಯಲ್ಲಿ ಒಂದು ಚಕ್ರ ಸೋರಿದಾಗ ಆ ಪೈಪನ್ನು ಜಜ್ಜಿ ಬಂದ್ ಮಾಡಿ ‘ಊರಿಗೆ ಹೋಗಿ ಮಾಡಿಸಿಕೊಳ್ಳಿ’ ಎಂದು ಕಳಿಸುವ ಉಪಾಯವನ್ನು ಆಯ್ಕೆಗಳ ಸಾಲಿಗೆ ಸೇರಿಸಿಲ್ಲ. ಜಜ್ಜಿದ ಪೈಪ್ ಒತ್ತಡಕ್ಕೆ ಬಿಚ್ಚಿಕೊಂಡರೆ, ಆಯಿಲ್ ಸಾಗುವ ಪೈಪುಗಳ ಸಾಲು, ಅಂದರೆ ಸರ್ಕ್ಯೂಟು, ಒಂದೇ ಇರುವ ಹಳೆಯ ಗಾಡಿಯಲ್ಲಿ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಮುಂಚಕ್ರ ಓಡಿಸುವ ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಸರ್ಕ್ಯೂಟು ಮೂಲೆಯಿಂದ ಮೂಲೆಗೆ ಹಂಚಿರುತ್ತದೆ, ಅಲ್ಲಿ ಅರ್ಧ ಬ್ರೇಕ್ ಉಳಿದೀತು. ಆದರೂ ಟೋ ಮಾಡಿಸಿ.

ಕೆಲಸ ಮುಗಿದ ಮೇಲೆ ಎಂಜಿನ್ ಓಡುತ್ತಿರುವಂತೆ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗೇ ಬಿಡುತ್ತಿದೆ. ಗಟ್ಟಿಯಾಗಿ ನಿಂತರೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ನಿಲ್ಲಿಸಿ ನೋಡಿ. ಬ್ರೇಕ್ ಆಯಿಲ್ ಟ್ಯಾಂಕಿನ ಮಟ್ಟಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಿಡಿ. ಕಿಟ್ ಹಾಕಿದ್ದರೆ ನೂರು ಕಿಲೋಮೀಟರ್ ಓಡಿದ ಮೇಲೆ ಡ್ರಮ್ ಇನ್ನೊಮ್ಮೆ ತೆಗೆದು ಬೂಟ್ ಎತ್ತಿ ನೋಡಲೇಬೇಕು. ಹೊಸ ಸಿಲಿಂಡರ್ ಹಾಕಿದ್ದರೆ ಬ್ಯಾಕ್ ಪ್ಲೇಟಿನ ಕೆಳ ಅಂಚನ್ನೂ ಪೈಪಿನ ನಟ್ಟನ್ನೂ ಬೆರಳಾಡಿಸಿ ನೋಡಿದರೆ ಸಾಕು. ಕಾರಿನ ಮೈಗೆ ತಾಗಿದ ಆಯಿಲನ್ನು ಆಗಲೇ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ. ಡಬ್ಬಿಯಲ್ಲಿ ಮಿಕ್ಕಿದ್ದನ್ನು ಮುಂದಿನ ವರ್ಷಕ್ಕೆಂದು ಅಟ್ಟಕ್ಕೆ ಏರಿಸಬೇಡಿ. ಸೀಲ್ ಒಡೆದ ದಿನದಿಂದಲೇ ಅದು ತೇವ ಕುಡಿಯಲು ಶುರು ಮಾಡಿರುತ್ತದೆ.